ಚಕಮಕಿ ಕೋವಿಯ ಪ್ರತಿಕೃತಿ ಕಾಲಕ್ಕೆ ತಕ್ಕಂತೆ ಕಾಣಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡು ಸೀಮೆಯಲ್ಲಿ ಮಂಜೇಶ್ವರದಿಂದ ಹೊಸದುರ್ಗದ ತನಕ ಐತಿಹಾಸಿಕ ನಾಟಕ, ಸ್ತಬ್ಧಚಿತ್ರ, ಶಾಲಾ ಮೆರವಣಿಗೆ, ಕೋಟೆಯ ಮುಂದಿನ ರೂಪಕ ಮಾಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಚಕಮಕಿ ಕೋವಿ ಎಂದರೆ ಕಲ್ಲು ಉಕ್ಕಿಗೆ ಬಡಿದ ಕಿಡಿಯಿಂದ ಮದ್ದು ಹೊತ್ತಿಸುವ ಹಳೆ ಕೋವಿ. ಇಲ್ಲಿರುವುದೆಲ್ಲ ಗುಂಡು ಹಾರದ, ಹಾರಿಸಲು ಬಾರದ ಪ್ರತಿಕೃತಿಯ ಮಾತು. ಹಾರುವ ಕೋವಿಯ ಸಂಗತಿ ಬೇರೆ, ಅದರ ಕಾನೂನೂ ಬೇರೆ.

ನಮ್ಮ ಕೋವಿ ಹೊಸ ಸ್ಟೀಲ್ ಪಾತ್ರೆಯ ಹಾಗೆ ಹೊಳೆಯುತ್ತದೆ. ತುಕ್ಕು ಬರಿಸಿ, ಮಸಿ ಬಳಿದು ಹಳತು ಮಾಡುವುದು ಹೇಗೆ?

ಮಾಡಬೇಡಿ. ಹೆಚ್ಚಿನವರು ಮೊದಲು ಎಡವುವುದು ಇಲ್ಲಿಯೇ. ಮ್ಯೂಸಿಯಂನ ಗಾಜಿನೊಳಗೆ ನಾವು ನೋಡುವ ಕೋವಿಗೆ ಇನ್ನೂರು ವರ್ಷ ಪ್ರಾಯ. ನೀವು ರಂಗಕ್ಕೆ ತರುವ ಸಿಪಾಯಿಯ ಕೈಯಲ್ಲಿದ್ದದ್ದು ಐದೋ ಹತ್ತೋ ವರ್ಷದ ಕೋವಿ. ಅದಕ್ಕೆ ತುಕ್ಕು ಹಿಡಿದರೆ ಅವನಿಗೆ ಶಿಕ್ಷೆ. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಯಾಗಲಿ, ಇಂಗ್ಲಿಷ್ ಸೋಲ್ಜರ್ ಆಗಲಿ, ಇಟ್ಟಿಗೆ ಪುಡಿ ಮತ್ತು ಎಣ್ಣೆ ಹಾಕಿ ನಳಿಗೆಯನ್ನು ಉಜ್ಜಿ ಬೆಳ್ಳಗೆ ಇಡುತ್ತಿದ್ದ. ಬ್ರಿಟಿಷ್ ಸೇನೆ ನಳಿಗೆಗಳಿಗೆ ಕಂದು ಬಣ್ಣ ಬರಿಸಲು ಆದೇಶ ಮಾಡಿದ್ದೇ 1815ರಲ್ಲಿ. ಟಿಪ್ಪು ಮಡಿದ 1799ರ ದೃಶ್ಯದಲ್ಲಿ ಕಂದು ನಳಿಗೆ ಹಿಡಿದ ಕಂಪನಿ ಪಡೆ ಬಂದರೆ ತಿಳಿದವರು ನಗುತ್ತಾರೆ.

ಹಾಗೆಂದು ಅಂಗಡಿಯಿಂದ ಬಂದ ಹೊಳಪು ಸರಿ ಎಂದಲ್ಲ. ಆ ಹೊಳಪು ಬೇರೆ, ಸಿಪಾಯಿ ಉಜ್ಜಿ ತರುತ್ತಿದ್ದ ಹೊಳಪು ಬೇರೆ. ಕೆಳಗಿನ ಹೆಚ್ಚಿನ ಉತ್ತರಗಳೂ ಈ ವ್ಯತ್ಯಾಸದ ಬಗ್ಗೆಯೇ.

ಬೇಕಲದ ದೃಶ್ಯಕ್ಕೆ ಯಾವ ಕೋವಿ ಸರಿ?

ಯಾವ ವರ್ಷದ ಬೇಕಲ ಎಂದು ಮೊದಲು ತೀರ್ಮಾನಿಸಿ. ಕೋಟೆ ಒಂದೇ ಆದರೂ ಅದರೊಳಗೆ ನಿಂತ ಕೋವಿಗಳು ಒಂದೇ ಅಲ್ಲ.

ಕೆಳದಿಯ ಶಿವಪ್ಪ ನಾಯಕ ಬೇಕಲ ಕಟ್ಟಿಸಿದ್ದು 1650ರ ಸುಮಾರಿಗೆ. ಆ ದೃಶ್ಯಕ್ಕೆ ಚಕಮಕಿ ಕೋವಿ ತರಲೇಬೇಡಿ. ಆಗ ಇಲ್ಲಿ ನಡೆಯುತ್ತಿದ್ದದ್ದು ಬತ್ತಿಕೋವಿ: ಉರಿಯುವ ಹಗ್ಗದ ತುದಿಯನ್ನು ರಂಜಕದ ಬಟ್ಟಲಿಗೆ (ಮೊದಲು ಹೊತ್ತಿಕೊಳ್ಳುವ ಮದ್ದಿನ ಪುಟ್ಟ ಬಟ್ಟಲು) ಇಳಿಸುವ ಜಾತಿ. ನಳಿಗೆ ಉದ್ದ, ಮರ ಸಪೂರ. ಬಯೊನೆಟ್ ಇಲ್ಲ. ಮಾಡುವುದಕ್ಕೂ ಇದು ಸುಲಭ. ಹಾಗಿದ್ದೂ ಶಿವಪ್ಪ ನಾಯಕನ ಭಟರ ಕೈಗೆ ಬ್ರೌನ್ ಬೆಸ್ (ಬ್ರಿಟಿಷ್ ಸೇನೆಯ ಚಕಮಕಿ ಕೋವಿ) ಕೊಟ್ಟ ರೂಪಕಗಳು ಬರುತ್ತಲೇ ಇವೆ.

1763ರಲ್ಲಿ ಹೈದರ್ ಅಲಿ ಬಿದನೂರನ್ನು ಗೆದ್ದ ಮೇಲೆ ಈ ಕರಾವಳಿ ಮೈಸೂರಿಗೆ ಸೇರಿತು. ಹೈದರ್ ಮತ್ತು ಟಿಪ್ಪುವಿನ ಪದಾತಿಗೆ ಫ್ರೆಂಚ್ ಮಾದರಿಯ ಕೋವಿ ಒಪ್ಪುತ್ತದೆ. ಫ್ರೆಂಚ್ ಕೋವಿಯಲ್ಲಿ ನಳಿಗೆಯನ್ನು ಮರಕ್ಕೆ ಹಿಡಿಸಿರುವುದು ಸುತ್ತು ಪಟ್ಟಿಗಳಿಂದ. ಇಂಗ್ಲಿಷ್ ಬ್ರೌನ್ ಬೆಸ್‌ನಲ್ಲಿ ಪಟ್ಟಿ ಇರುವುದಿಲ್ಲ, ಅಡ್ಡ ಪಿನ್ನುಗಳು ಮರದೊಳಗೆ ಅಡಗಿರುತ್ತವೆ. ದೂರದಿಂದ ಗುರುತಿಸಲು ಇದಕ್ಕಿಂತ ಸುಲಭದ ಲಕ್ಷಣವಿಲ್ಲ. ಟಿಪ್ಪುವಿನ ಕಾರ್ಖಾನೆಗಳಲ್ಲಿ ಹುಲಿಮುಖದ ಕುದುರೆ (ಕಲ್ಲು ಕಚ್ಚಿ ಬಡಿಯುವ ಭಾಗ), ಹುಲಿಪಟ್ಟೆಯ ಅಲಂಕಾರವಿದ್ದ ಸುಂದರ ಬಂದೂಕುಗಳು ಆಗಿದ್ದು ನಿಜ. ಆದರೆ ಅರಮನೆಯ ಸೊಬಗನ್ನು ಐವತ್ತು ಜನ ಸಾಮಾನ್ಯ ಸಿಪಾಯಿಗಳ ಹೆಗಲಿಗೇರಿಸಬೇಡಿ. ನಾಯಕ ಪಾತ್ರಧಾರಿಗೆ ಒಂದು ಇದ್ದರೆ ಸಾಕು.

ಕಂಪನಿ ಪಡೆಗೆ, 1790ರ ದಶಕದಿಂದ 1830ರ ದಶಕದವರೆಗೂ, 39 ಇಂಚು ನಳಿಗೆಯ ಮಾದರಿ ಸರಿ. ಇದು ಮೊದಲು ಈಸ್ಟ್ ಇಂಡಿಯಾ ಕಂಪನಿ ತನಗಾಗಿ ಮಾಡಿಸಿಕೊಂಡ ಮಾದರಿ. ಫ್ರಾನ್ಸಿನ ಯುದ್ಧಕ್ಕೆ ಕೋವಿ ಸಾಲದೆ ಬಂದಾಗ ಬ್ರಿಟಿಷ್ ಸರಕಾರವೇ ಇದನ್ನು ಕೊಂಡು ಒಪ್ಪಿಕೊಂಡಿತು, ಹಾಗಾಗಿ 'ಇಂಡಿಯಾ ಪ್ಯಾಟರ್ನ್' ಎಂಬ ಹೆಸರು. ಅದಕ್ಕೂ ಹಿಂದಿನ ಬ್ರಿಟಿಷ್ ಸೇನೆಯ ಮಾದರಿಗಳಲ್ಲಿ ನಳಿಗೆ 46 ಮತ್ತು 42 ಇಂಚು. ಇನ್ನೊಂದು ಸೂಕ್ಷ್ಮ: 1809ರ ವರೆಗೆ ಕುದುರೆಯ ಕತ್ತು ಹಂಸದ ಕೊರಳಿನಂತೆ ಬಾಗಿರುತ್ತಿತ್ತು. ಆಮೇಲೆ ಅದು ಮುರಿಯದಿರಲೆಂದು ನಡುವೆ ತೂತಿರುವ ಗಟ್ಟಿ ಕತ್ತು ಬಂತು. 1799ರ ದೃಶ್ಯಕ್ಕೆ ಮೊದಲನೆಯದು, 1837ಕ್ಕೆ ಎರಡನೆಯದು.

1837ರ ಅಮರಸುಳ್ಯದ ಬಂಡಾಯ ಮಾಡುತ್ತಿದ್ದೇವೆ. ಕೇಪಿನ ಕೋವಿ ನಡೆಯುವುದಿಲ್ಲವೇ?

ನಡೆಯುವುದಿಲ್ಲ. ಕೇಪು, ಅಂದರೆ ಬಡಿದರೆ ಸಿಡಿಯುವ ಪುಟ್ಟ ಲೋಹದ ಟೊಪ್ಪಿ, ಹಾಕುವ ಕೋವಿ ಬ್ರಿಟಿಷರ ಪಡೆಗೆ ವ್ಯಾಪಕವಾಗಿ ಸಿಕ್ಕಿದ್ದು 1840ರ ದಶಕದಲ್ಲಿ. ಕಲ್ಯಾಣಪ್ಪನ ಕಾಟಕಾಯಿ ಎಂದೂ ಕರೆಯುವ ಈ ಬಂಡಾಯದ ಹೊತ್ತಿಗೆ ಕಂಪನಿಯ ಕಡೆ ಚಕಮಕಿ ಕೋವಿಯೇ. ಬಂಡಾಯದ ರೈತರಿಗೆಲ್ಲ ಒಂದೇ ಥರದ ಕೋವಿ ಕೊಡಬೇಡಿ. ಕೆಲವರಿಗೆ ಬತ್ತಿಕೋವಿ, ಕೆಲವರಿಗೆ ಕತ್ತಿ, ಹೆಚ್ಚಿನವರಿಗೆ ದೊಣ್ಣೆ ಎಂದರೆ ಕಣ್ಣಿಗೂ ಒಪ್ಪುತ್ತದೆ, ಖರ್ಚೂ ಉಳಿಯುತ್ತದೆ. ಕೊಬ್ಬು ಸವರಿದ ತೋಟೆಯ ಕತೆಯನ್ನೂ ಇಲ್ಲಿಗೆ ಎಳೆದು ತರಬೇಡಿ. ಅದು 1857ರದು, ಎನ್‌ಫೀಲ್ಡ್ ರೈಫಲ್ಲಿನದು.

ಉತ್ತರ ಭಾರತದಿಂದ ತರಿಸಿದ ಪ್ರತಿಕೃತಿಯಲ್ಲಿ ಮೊದಲು ಏನು ಸರಿಪಡಿಸಬೇಕು?

ಮರ. ಎಲ್ಲರ ಕಣ್ಣೂ ಲೋಹದ ಮೇಲೆ ಹೋಗುತ್ತದೆ, ಆದರೆ ನಕಲಿ ಎಂದು ಕೂಗಿ ಹೇಳುವುದು ಮರ. ನಮ್ಮಲ್ಲಿ ತಯಾರಾಗುವ ಪ್ರತಿಕೃತಿಗಳಲ್ಲಿ ಹೆಚ್ಚಿನವಕ್ಕೆ ತೇಗ, ಬೀಟೆಯಂಥ ಮರದ ಹಿಡಿ. ಮೇಲೆ ಗಾಜಿನ ಹಾಗೆ ಹೊಳೆಯುವ ದಪ್ಪ ವಾರ್ನಿಷ್. ಕೈ ಹಿಡಿಯುವ ಕತ್ತಿನ ಜಾಗ ಬಾಳೆದಿಂಡಿನಷ್ಟು ದಪ್ಪ. ಅಸಲಿ ಇಂಡಿಯಾ ಪ್ಯಾಟರ್ನ್ ಸುಮಾರು 4.4 ಕಿಲೋ ತೂಗುತ್ತದೆ, ಉದ್ದ 55 ಇಂಚು. ನಿಮ್ಮದು ಐದು ಕಿಲೋ ದಾಟಿದ್ದರೆ ಆ ಹೆಚ್ಚಿನ ಭಾರ ಮರದಲ್ಲೇ ಇರುವ ಸಾಧ್ಯತೆ ಹೆಚ್ಚು.

ಲಾಕಿನ (ಕುದುರೆ, ಬಟ್ಟಲು ಇರುವ ಕಿಡಿಯ ಯಂತ್ರ) ಸುತ್ತ, ಕತ್ತಿನ ಹತ್ತಿರ, ಮುಂಗೈ ಹಿಡಿಯುವ ಭಾಗದಲ್ಲಿ ಮರ ಇಳಿಸಬೇಕು. ಒಳ್ಳೆಯ ಆಚಾರಿಯ ಕೈಗೆ ಕೊಡಿ, ಜೊತೆಗೆ ಅಸಲಿ ಕೋವಿಯ ಪಕ್ಕದ ನೋಟ ಮತ್ತು ಮೇಲಿನ ನೋಟ ಎರಡೂ ಇರುವ ಚಿತ್ರ ಕೊಡಿ. ಬರೀ ಪಕ್ಕದ ನೋಟ ಕೊಟ್ಟರೆ ಅಗಲ ಹಾಗೆಯೇ ಉಳಿಯುತ್ತದೆ. ಉಳಿ ಹಾಕುವ ಮೊದಲು ಲೋಹವನ್ನೆಲ್ಲ ಬಿಚ್ಚಿ, ಯಾವ ಸ್ಕ್ರೂ ಎಲ್ಲಿಯದು ಎಂದು ಕಾಗದಕ್ಕೆ ಚುಚ್ಚಿಟ್ಟುಕೊಳ್ಳಿ. ಬಿಚ್ಚುವಾಗ ಪ್ಲಸ್ ತಲೆಯ ಸ್ಕ್ರೂ ಕಂಡರೆ ಅದನ್ನು ಮತ್ತೆ ಹಾಕಬೇಡಿ. ಅದು 1930ರ ದಶಕದ ವಸ್ತು. ಒಂದೇ ಗೀರಿನ ತಲೆಯದು ಹಾಕಿ, ಗೀರು ತೆಳ್ಳಗಿರಲಿ.

ವಾರ್ನಿಷ್ ತೆಗೆದು ಏನು ಹಚ್ಚಬೇಕು?

ಪೇಂಟ್ ರಿಮೂವರ್ ಹಚ್ಚಿ ಉಬ್ಬಿದ ಮೇಲೆ ಕೆರೆಯಿರಿ. ಹೊರಗೆ, ಗಾಳಿ ಆಡುವಲ್ಲಿ, ಕೈಗವಸು ಹಾಕಿ. ಕೆರೆಯಲು ನಮ್ಮ ಆಚಾರಿಗಳು ಬಳಸುವ ಗಾಜಿನ ಚೂರಿಗೆ ಸಮ ಇಲ್ಲ. ಮೂಲೆಮುಡುಕಿಗೂ ಹೋಗುತ್ತದೆ, ಮರಳುಕಾಗದದ ಹಾಗೆ ಅಂಚನ್ನು ಉರುಟು ಮಾಡುವುದಿಲ್ಲ. ಅಂಚು ಚೂಪಾಗಿ ಉಳಿಯುವುದು ಮುಖ್ಯ. ಪ್ರತಿಕೃತಿಗಳ ಅಂಚೆಲ್ಲ ಯಂತ್ರಕ್ಕೆ ಸಿಕ್ಕಿ ಸಾಬೂನಿನಂತೆ ಕರಗಿರುತ್ತದೆ. ಕೊನೆಗೆ 180, ಆಮೇಲೆ 220 ನಂಬರಿನ ಕಾಗದ. ನಡುವೆ ಒಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸಿ. ಎದ್ದ ಮರದ ರೋಮವನ್ನು ಮತ್ತೆ ಉಜ್ಜಿ ತೆಗೆಯಿರಿ. ಈ ಹೆಜ್ಜೆ ಬಿಟ್ಟರೆ ಮೊದಲ ಮಳೆಗೇ ಮರ ತರಿತರಿಯಾಗುತ್ತದೆ.

ಇಂಗ್ಲಿಷ್ ಕೋವಿಯ ಮರ ಅಕ್ರೋಟು: ಬೂದು ಬೆರೆತ ಕಂದು. ತೇಗ ಹಳದಿಗೆ ಎಳೆಯುತ್ತದೆ, ಬೀಟೆ ನೇರಳೆ ಕಪ್ಪಿಗೆ. ತೇಗಕ್ಕೆ ಮೊದಲು ಗಟ್ಟಿ ಕಣ್ಣಚಹಾ (ಹಾಲಿಲ್ಲದ ಚಹಾ) ಬಳಿದು ಒಣಗಿಸಿ. ಕಬ್ಬಿಣದ ಉಣ್ಣೆಯನ್ನು (ಸ್ಟೀಲ್ ವೂಲ್) ವಿನೆಗರಿನಲ್ಲಿ ಎರಡು ದಿನ ನೆನೆಸಿದ ನೀರಿಗೆ ಮತ್ತಷ್ಟು ನೀರು ಬೆರೆಸಿ ಅದರ ಮೇಲೆ ಒರೆಸಿ. ಚಹಾದ ಒಗರಿನ ಜೊತೆ ಕಬ್ಬಿಣ ಸೇರಿ ಹಳದಿ ಅಡಗಿ ಬೂದುಗಂದು ಏರುತ್ತದೆ. ದಪ್ಪ ದ್ರಾವಣ ಹಾಕಿದರೆ ಮರ ಒಂದೇ ಸಲಕ್ಕೆ ಕಪ್ಪಾದೀತು. ಮೊದಲು ಬೇರೆ ತುಂಡಿನ ಮೇಲೆ ನೋಡಿ.

ಮೇಲಿನ ಲೇಪಕ್ಕೆ ಕುದಿಸಿದ ಅಗಸೆ ಎಣ್ಣೆ, ಹಾರ್ಡ್‌ವೇರ್ ಅಂಗಡಿಯಲ್ಲಿ ಲಿನ್ಸೀಡ್ ಎಂದು ಸಿಗುವುದು. ತೇಗದಲ್ಲಿ ತನ್ನದೇ ಎಣ್ಣೆ ಇರುವುದರಿಂದ ಥಿನ್ನರ್‌ನಲ್ಲಿ ಒರೆಸಿದ ಮೇಲೆಯೇ ಹಚ್ಚಿ. ಅಂಗೈಯಲ್ಲಿ ತೆಳ್ಳಗೆ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ, ಪೂರ್ತಿ ಒಣಗಿದ ಮೇಲೆ ಮತ್ತೊಂದು. ಅವಸರಕ್ಕೆ ದಪ್ಪ ಹಚ್ಚಿದರೆ ಅಂಟು ಹೋಗುವುದೇ ಇಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆಯ ಬಟ್ಟೆ ತನ್ನಷ್ಟಕ್ಕೆ ಬಿಸಿಯೇರಿ ಬೆಂಕಿ ಹಿಡಿಯಬಲ್ಲದು. ಬಿಡಿಸಿ ಹಗ್ಗದ ಮೇಲೆ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿಡಿ.

ಮನೆಯಲ್ಲೇ ತೆಂಗಿನೆಣ್ಣೆ ಇರುವಾಗ ಅಗಸೆ ಎಣ್ಣೆ ಯಾಕೆ? ಗೇರೆಣ್ಣೆ ಆಗದೇ?

ತೆಂಗಿನೆಣ್ಣೆ ಒಣಗುವ ಜಾತಿಯಲ್ಲ. ಎಷ್ಟು ದಿನ ಇಟ್ಟರೂ ಎಣ್ಣೆಯಾಗಿಯೇ ಇದ್ದು ಧೂಳು ಹಿಡಿದು ಕಮಟುತ್ತದೆ. ಗೇರುಬೀಜದ ಸಿಪ್ಪೆಯ ಎಣ್ಣೆ ಹಾಗಲ್ಲ, ಒಣಗಿ ಗಟ್ಟಿಯಾಗುತ್ತದೆ, ಗೆದ್ದಲೂ ಮುಟ್ಟುವುದಿಲ್ಲ. ದೋಣಿಗೆ, ಪಕ್ಕಾಸಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಮೈಗೆ ತಾಗಿದರೆ ಬೊಕ್ಕೆ ಏಳುತ್ತದೆ ಎಂಬುದು ಗೇರು ಹುರಿದ ಯಾವ ಮನೆಯವರಿಗೂ ಗೊತ್ತು. ಕೆನ್ನೆಗೆ ತಾಗಿಸಿ ಗುರಿ ಹಿಡಿಯುವ ವಸ್ತುವಿಗೆ, ಅದೂ ಮಕ್ಕಳ ಕೈಗೆ ಹೋಗುವಂಥದಕ್ಕೆ, ಬೇಡವೇ ಬೇಡ.

ನಳಿಗೆಯ ಹೊಳಪು ಯಾವ ಥರ ಇರಬೇಕು?

ಅಂಗಡಿಯದು ಬಫಿಂಗ್ ಯಂತ್ರದ ಕನ್ನಡಿ ಹೊಳಪು, ಕೆಲವೊಮ್ಮೆ ನಿಕ್ಕಲ್ ಲೇಪ. ನಿಮಗೆ ಬೇಕಾದದ್ದು ಕೈಯಿಂದ ಉಜ್ಜಿದ ಬೂದುಬಿಳುಪು. ನಯವಾದ ಎಮರಿ ಕಾಗದಕ್ಕೆ ಎಣ್ಣೆ ಹಾಕಿ, ನಳಿಗೆಯ ಉದ್ದಕ್ಕೆ ಮಾತ್ರ ಉಜ್ಜಿ, ಸುತ್ತ ತಿರುಗಿಸಬೇಡಿ. ಆಮೇಲೆ ಹಳೆ ಮಂಗಳೂರು ಹಂಚನ್ನು ಕುಟ್ಟಿ, ವಸ್ತ್ರಗಾಳಿಸಿದ ಪುಡಿಯನ್ನು ಎಣ್ಣೆಯಲ್ಲಿ ಕಲಸಿ ಚರ್ಮದ ತುಂಡಿನಿಂದ ತಿಕ್ಕಿ. ಸಿಪಾಯಿಯ ಇಟ್ಟಿಗೆ ಪುಡಿಗೂ ಇದಕ್ಕೂ ಅಂತರವಿಲ್ಲ, ಎರಡೂ ಸುಟ್ಟ ಮಣ್ಣು. ಮುರಕಲ್ಲಿನ (ಕೆಂಪುಕಲ್ಲು) ಪುಡಿ ಬೇಡ, ಅದರಲ್ಲಿನ ಹರಳು ಗೀರುತ್ತದೆ.

ಹಿತ್ತಾಳೆಗೆ ಹೆಚ್ಚು ಹೇಳುವುದಿಲ್ಲ: ಥಿನ್ನರ್‌ನಲ್ಲಿ ಲ್ಯಾಕರ್ ತೆಗೆಯಿರಿ, ಹುಣಸೆಹಣ್ಣು ಮತ್ತು ಬೂದಿಯಲ್ಲಿ ದೀಪ ತಿಕ್ಕುವ ಹಾಗೆ ತಿಕ್ಕಿ. ಹಸಿರು ಕಿಲುಬು ಬರಿಸಬೇಡಿ.

ಹಾಗಾದರೆ ಬಳಸಿದ ಗುರುತು ಬೇಡವೇ?

ಬೇಕು, ಆದರೆ ಬಳಕೆ ಮುಟ್ಟುವ ಜಾಗದಲ್ಲಿ ಮಾತ್ರ. ಬೀಗದ ಕೈಗೊಂಚಲು ತೆಗೆದುಕೊಂಡು ಮರಕ್ಕೆಲ್ಲ ಸಮವಾಗಿ ಬಡಿಯುವ ರೂಢಿಯೊಂದಿದೆ. ಅದರಿಂದ ಕೋವಿಗೆ ಸಿಡುಬು ಬಂದಂತೆ ಕಾಣುತ್ತದೆ, ಅಷ್ಟೇ. ಕವಾಯತಿನಲ್ಲಿ ಕೋವಿಯ ಬುಡ ನೆಲಕ್ಕೆ ಕುಟ್ಟುತ್ತಿರುತ್ತದೆ. ಹಾಗಾಗಿ ಬುಡದ ಹಿತ್ತಾಳೆ ಪಟ್ಟಿಯ ಮೂಲೆ, ಅದಕ್ಕೆ ತಾಗಿದ ಮರ ಜಜ್ಜಿರುತ್ತದೆ. ಕತ್ತಿನ ಹತ್ತಿರ ಕೈಬೆವರಿಗೆ ಮರ ಕಪ್ಪಾಗಿ ನುಣ್ಣಗಾಗಿರುತ್ತದೆ. ಚರ್ಮದ ಪಟ್ಟಿಯ ಬಳೆ ಅಲುಗಾಡಿ ಮರದಲ್ಲಿ ಸಣ್ಣ ಕಮಾನಿನ ಗೀರು ಬಿದ್ದಿರುತ್ತದೆ. ಮದ್ದು ಒತ್ತುವ ಕೋಲು, ಅಂದರೆ ಗಜ, ಹೋಗಿ ಬಂದು ನಳಿಗೆಯ ಬಾಯಿ ತುಸು ಸವೆದಿರುತ್ತದೆ. ಕಿಡಿ ಹಾರುವ ಉಕ್ಕಿನ ಮುಖದಲ್ಲಿ ಮೇಲಿಂದ ಕೆಳಕ್ಕೆ ಗೀರುಗಳಿರುತ್ತವೆ, ಅಡ್ಡಕ್ಕಲ್ಲ. ರಂಜಕದ ಬಟ್ಟಲಿನ ಸುತ್ತ ಮಸಿ, ಅದಕ್ಕೆ ಕಾಡಿಗೆ ಸಾಕು. ಇಷ್ಟನ್ನು ಮಾಡಲು ನಿಜವಾಗಿ ನಾಲ್ಕು ತಿಂಗಳು ಕವಾಯತು ಮಾಡಿಸುವುದೇ ಉತ್ತಮ ಉಪಾಯ. ನಟರಿಗೂ ಕೋವಿ ಹಿಡಿಯುವ ಅಭ್ಯಾಸವಾಗುತ್ತದೆ. ಎಷ್ಟು ಚೆಂದದ ಕೋವಿಯಾದರೂ ಛತ್ರಿ ಹಿಡಿದಂತೆ ಹಿಡಿದರೆ ಕೆಲಸವೆಲ್ಲ ವ್ಯರ್ಥ.

ಕಂಪನಿಯ ಮುದ್ರೆ ಹಾಕಿಸಬಹುದೇ?

ಪ್ರತಿಕೃತಿಯ ಲಾಕಿನ ಮೇಲೆ ಹಾಕಿಸಬಹುದು. ಮೊದಲಿನ ಕಾಲಕ್ಕೆ ಹೃದಯದಾಕಾರವನ್ನು ನಾಲ್ಕು ಭಾಗ ಮಾಡಿ ವಿ, ಇ, ಐ, ಸಿ ಅಕ್ಷರಗಳು, ನೆತ್ತಿಯಲ್ಲಿ 4ರ ಆಕಾರ. 1808ರ ಹೊತ್ತಿನಿಂದ ಕಿರೀಟ ಹಿಡಿದು ಹಿಂಗಾಲಲ್ಲಿ ನಿಂತ ಸಿಂಹ. ಸರಕಾರಿ ಕಿರೀಟ ಮತ್ತು ಜಿ.ಆರ್. ಮುದ್ರೆ ಬ್ರಿಟಿಷ್ ರಾಜನ ಪಡೆಗೆ, ಕಂಪನಿ ಸಿಪಾಯಿಗಲ್ಲ. ಪ್ರತಿಕೃತಿಗಳಲ್ಲಿ ಎರಡನ್ನೂ ಒಟ್ಟಿಗೆ ಹೊಡೆದಿರುವುದೂ ಉಂಟು.

ಮರದೊಳಗೆ, ಲಾಕಿನ ಹಿಂದೆ, ಇದು ಪ್ರತಿಕೃತಿ ಎಂದೂ ಮಾಡಿದ ವರ್ಷವನ್ನೂ ಕೆತ್ತಿಸಿ. ನಿಮ್ಮ ಕೈದಾಟಿದ ಮೇಲೆ ಯಾರೋ ಅದನ್ನು 'ಟಿಪ್ಪು ಕಾಲದ್ದು' ಎಂದು ಮಾರಬಾರದು. ಇನ್ನೊಂದು ಮಾತು: ಹಾರುವ ಕೋವಿಯ ಮೇಲಿರುವ ಹೆಸರು, ನಂಬರು, ಗುರುತು ಅಳಿಸುವುದನ್ನೂ ಬದಲಿಸುವುದನ್ನೂ ಶಸ್ತ್ರಾಸ್ತ್ರ ಕಾಯ್ದೆ 1959ರ 8ನೇ ಕಲಮು ನಿಷೇಧಿಸುತ್ತದೆ.

ಕಲ್ಲು, ಚರ್ಮದ ಪಟ್ಟಿ, ಬಯೊನೆಟ್?

ಕುದುರೆಯ ಬಾಯಲ್ಲಿ ಸಿಗರೇಟ್ ಲೈಟರಿನ ಕಲ್ಲಿನಷ್ಟು ಚಿಕ್ಕದನ್ನಿಟ್ಟರೆ ಕುದುರೆ ಬೊಚ್ಚುಬಾಯಿಯಾಗಿ ಕಾಣುತ್ತದೆ. ಇಂಗ್ಲಿಷ್ ಕಲ್ಲು ಕಪ್ಪು, ಫ್ರೆಂಚರದು ಜೇನುಬಣ್ಣ. ಎರಡನ್ನೂ ಚರ್ಮ ಇಲ್ಲವೇ ಸೀಸದ ತಗಡಲ್ಲಿ ಸುತ್ತಿ ಕಚ್ಚಿಸುತ್ತಿದ್ದರು. ನೀವು ಚರ್ಮ ಬಳಸಿ, ಸೀಸ ಮಕ್ಕಳ ಕೈಗೆ ಬೇಡ. ಕಲ್ಲಿನ ಬದಲು ಕಪ್ಪು ಬಣ್ಣದ ಮರದ ತುಂಡಾದರೂ ಸಾಕು.

ಪಟ್ಟಿ ಕಂಪನಿ ಪಡೆಗೆ ಬಿಳಿ. ಮಂದ ಚರ್ಮಕ್ಕೆ ಬಿಳಿ ಜೇಡಿಮಣ್ಣು ಹಚ್ಚುತ್ತಿದ್ದರು. ಬಿಳಿ ರೆಕ್ಸಿನ್ ಬೆಳಕಿಗೆ ಹೊಳೆದು ಕೆಡಿಸುತ್ತದೆ, ಅದಕ್ಕಿಂತ ದಪ್ಪ ಕ್ಯಾನ್ವಾಸಿಗೆ ಜೇಡಿ ಹಚ್ಚಿದ್ದು ವಾಸಿ. ಬಯೊನೆಟ್ಟಿನ ಅಲಗು 17 ಇಂಚು, ಮೂರು ಮೂಲೆಯದು. ಅದನ್ನು ರಬ್ಬರ್ ಅಥವಾ ಮೊಂಡು ಮರದಲ್ಲಿ ಮಾಡಿಸಿ. ಜನ ಸೇರಿದ ಮೆರವಣಿಗೆಯಲ್ಲಿ ಸಿಕ್ಕಿಸಲೇಬೇಡಿ.

ಶಾಲೆಯವರು ನಾವು, ಅಷ್ಟು ದುಡ್ಡಿಲ್ಲ. ನಲ್ವತ್ತು ಕೋವಿ ಬೇಕು.

ಮಾಷ್ಟ್ರೇ, ತರಿಸಿದ ಕೋವಿ ನಿಮಗೆ ಬೇಡವೇ ಬೇಡ. ಯಕ್ಷಗಾನ ಆಟದ ವೇಷಕ್ಕೆ ಕಿರೀಟ, ಭುಜಕೀರ್ತಿ ಮಾಡುವ ಊರು ನಮ್ಮದು. ಹಗುರ ಮರದಲ್ಲಿ ಕೆತ್ತಿ ಲೋಹದ ಭ್ರಮೆ ಹುಟ್ಟಿಸುವ ಕೈಗಳು ಕುಂಬಳೆ ಸೀಮೆಯಲ್ಲಿ ಇಂದಿಗೂ ಇವೆ. ರಬ್ಬರ್ ಮರ ಅಥವಾ ಅಕೇಶಿಯಾದ ಹಲಗೆಯಲ್ಲಿ ಆಕಾರ ಕೊಯ್ಸಿ. ನಳಿಗೆಗೆ ಕಬ್ಬಿಣದ ಪೈಪು ಯಾವ ಕಾರಣಕ್ಕೂ ಬೇಡ. ಅದು ಕೋವಿಯಾಗಬಲ್ಲ ವಸ್ತು ಎಂಬ ಸಂಶಯಕ್ಕೆ ನೀವೇ ದಾರಿ ಮಾಡಿದಂತೆ. ಪ್ಲಾಸ್ಟಿಕ್ ಪೈಪು ಹಾಕಿದರೆ ಬುಡದಿಂದ ಬಾಯಿವರೆಗೆ ಒಂದೇ ದಪ್ಪವಾಗಿ ನೀರಿನ ಪೈಪಿನಂತೆಯೇ ಕಾಣುತ್ತದೆ. ಅಸಲಿ ನಳಿಗೆ ಬುಡದಲ್ಲಿ ದಪ್ಪ, ಬಾಯಿಗೆ ಹೋಗುತ್ತಾ ಸಪೂರ. ಹಾಗಾಗಿ ಕಡೆಸಿದ ಗಟ್ಟಿ ಮರದ ಕೋಲೇ ಒಳ್ಳೆಯದು.

ಬಣ್ಣಕ್ಕೆ ಬೆಳ್ಳಿ ಪೇಂಟು ನೇರವಾಗಿ ಹೊಡೆದರೆ ಗೇಟಿನಂತಾಗುತ್ತದೆ. ಕಪ್ಪು ಮ್ಯಾಟ್ ಹೊಡೆದು ಒಣಗಿಸಿ, ಗ್ರಾಫೈಟ್ ಪುಡಿ ಅಥವಾ ಮೆತ್ತನೆ ಪೆನ್ಸಿಲಿನ ಕಡ್ಡಿಯ ಪುಡಿಯನ್ನು ಬಟ್ಟೆಯಲ್ಲಿ ತಿಕ್ಕಿ. ಹತ್ತಡಿ ದೂರಕ್ಕೆ ಉಕ್ಕು ಎಂದೇ ನಂಬಬೇಕು. ಮಕ್ಕಳ ಎತ್ತರಕ್ಕೆ ತಕ್ಕಂತೆ ಉದ್ದ ಇಳಿಸುವಾಗ ನಳಿಗೆಯನ್ನು ಮಾತ್ರ ಕತ್ತರಿಸಬೇಡಿ, ಇಡೀ ಕೋವಿಯನ್ನು ಅದೇ ಪ್ರಮಾಣದಲ್ಲಿ ಕಿರಿದು ಮಾಡಿ.

ಪ್ರತಿಕೃತಿಗೆ ಲೈಸೆನ್ಸ್ ಬೇಕೇ?

ಮರದ ಕೋವಿಗೆ ಆ ಚಿಂತೆಯಿಲ್ಲ. ಲೋಹದ್ದು ತರಿಸುವಾಗ ಹಾರಿಸಲು ಬಾರದ್ದು ಎಂದು ಬಿಲ್ಲಿನಲ್ಲೇ ಬರೆಸಿಕೊಳ್ಳಿ. ನಳಿಗೆ ಒಳಗಿನಿಂದ ಬೆಸುಗೆಯಾಗಿ ಮುಚ್ಚಿರಬೇಕು, ಕಿಡಿ ಒಳಹೋಗುವ ತೂತು ಇರಬಾರದು. 'ಅಸಲಿಯಂತೆ ಕಾಣಲಿ' ಎಂದು ಆ ತೂತು ಕೊರೆಸಲು ಹೋಗಬೇಡಿ. ನಕಲಿ ಕೋವಿಯನ್ನು ಹಾರುವ ಕೋವಿಯಾಗಿ ಬದಲಿಸಲು ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನಂತೆ ಲೈಸೆನ್ಸ್ ಬೇಕು. ತೂತಿನ ಜಾಗಕ್ಕೆ ಕಪ್ಪು ಚುಕ್ಕೆ ಇಟ್ಟರೆ ಯಾರ ಕಣ್ಣಿಗೂ ಗೊತ್ತಾಗುವುದಿಲ್ಲ.

ಕೊಡಗಿನವರಿಗೆ ಬೇಡವಲ್ಲ ಎಂದು ಪಾಣತ್ತೂರು ಕಡೆಯವರು ಕೇಳುತ್ತಾರೆ. ಆ ವಿನಾಯಿತಿ ಕೊಡವ ಜನಾಂಗದವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಗಡಿ ಪಕ್ಕದಲ್ಲಿದೆ ಎಂದು ನಮಗೆ ಅಂಟುವುದಿಲ್ಲ.

ಕಾರ್ಯಕ್ರಮಕ್ಕೆ ಮೊದಲು ಠಾಣೆಗೆ ಒಂದು ಪತ್ರ ಕೊಡಿ: ಎಷ್ಟು ಕೋವಿ, ಯಾವುದರಿಂದ ಮಾಡಿದ್ದು, ಎಲ್ಲಿಂದ ಎಲ್ಲಿಗೆ, ಜೊತೆಗೆ ಚಿತ್ರ. ಕನ್ನಡದಲ್ಲಿ ಬರೆಯಿರಿ, ಅದು ನಮ್ಮ ಹಕ್ಕು. ಜೊತೆಗೊಂದು ಮಲಯಾಳ ಪ್ರತಿ ಇದ್ದರೆ ಕೆಲಸ ಬೇಗ ಆಗುತ್ತದೆ, ಅದು ಅನುಭವ. ಚುನಾವಣೆಯ ನೀತಿಸಂಹಿತೆ ಇರುವಾಗ ಲೈಸೆನ್ಸ್ ಇರುವ ಕೋವಿಗಳನ್ನೇ ಠಾಣೆಗೆ ಒಪ್ಪಿಸಲು ಹೇಳುತ್ತಾರೆ. ಆ ದಿನಗಳಲ್ಲಿ ಪ್ರತಿಕೃತಿಯ ಮೆರವಣಿಗೆ ಇಟ್ಟುಕೊಳ್ಳಬೇಡಿ.

ಅಜ್ಜನ ಕಾಲದ ಕೋವಿ ಅಟ್ಟದಲ್ಲಿದೆ. ಅದನ್ನೇ ತರಬಹುದಲ್ಲ?

ಬೇಡ. ಅದರೊಳಗೆ ಮದ್ದು ಇನ್ನೂ ಇದ್ದೀತು. ತುಕ್ಕು ಹಿಡಿದ ಹಳೆ ಕೋವಿಯ ವಿಷಯದಲ್ಲಿ ಖಾಲಿ ಎಂದು ನಂಬುವ ಹಾಗಿಲ್ಲ. ದುರಸ್ತಿ ಮಾಡಿದರೂ ಹಾರದ ಸ್ಥಿತಿಯಲ್ಲಿದ್ದರೆ ಕಾಯ್ದೆಯ ವಿನಾಯಿತಿಗೆ ಬಂದೀತು. ಆದರೆ ಅದನ್ನು ನೀವು ತೀರ್ಮಾನಿಸುವುದಲ್ಲ, ಠಾಣೆಯಲ್ಲಿ ಕೇಳಿ. ನೂರು ವರ್ಷ ದಾಟಿದ ವಸ್ತುವನ್ನು ಉಜ್ಜಿ ಹೊಳಪಿಸುವುದೆಂದರೆ ಅದರ ಬೆಲೆಯನ್ನೇ ಉಜ್ಜಿ ತೆಗೆದಂತೆ. ಮೇಲೆ ಹೇಳಿದ ಎಮರಿ, ಹಂಚಿನ ಪುಡಿ ಇವೆಲ್ಲ ಪ್ರತಿಕೃತಿಗೆ ಮಾತ್ರ.

ಸದ್ದು, ಹೊಗೆ ಇಲ್ಲದಿದ್ದರೆ ಸಪ್ಪೆ. ಸ್ವಲ್ಪ ಮದ್ದು ಹಾಕಿದರೆ?

ಬೇಡ. ಜಾತ್ರೆಯ ಸಿಡಿಮದ್ದು, ಕದಿನ, ಗರ್ನಾಲು ನೋಡಿ ಬೆಳೆದ ನಮಗೆ ಮದ್ದಿನ ಭಯ ಕಡಿಮೆ. 2024ರ ಅಕ್ಟೋಬರಿನಲ್ಲಿ ನೀಲೇಶ್ವರದ ತೆಯ್ಯದ ರಾತ್ರಿ ಪಟಾಕಿ ಸಂಗ್ರಹಕ್ಕೆ ಕಿಡಿ ಬಿದ್ದು ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು, ಜೀವಗಳು ಹೋದವು. ಸದ್ದಿಗೆ ಧ್ವನಿಮುದ್ರಣ ಅಥವಾ ಚೆಂಡೆಯ ಒಂದು ಪೆಟ್ಟು, ಹೊಗೆಗೆ ರಂಗದ ಹೊಗೆಯಂತ್ರ. ಕೋವಿಯಿಂದಲೇ ಹೊಗೆ ಬರಬೇಕೆಂದು ಹಟವಿದ್ದರೆ ಟಾಲ್ಕಮ್ ಪುಡಿಯ ರಬ್ಬರ್ ಚೆಂಡನ್ನು ಅಂಗೈಯಲ್ಲಿ ಅಡಗಿಸಿ ಹಿಚುಕಬಹುದು, ಹತ್ತಿರ ಉರಿಯುವ ದೀಪ ಇರಬಾರದು ಅಷ್ಟೇ. ತರಬೇತಾದ ಸಿಪಾಯಿ ನಿಮಿಷಕ್ಕೆ ಎರಡು ಮೂರು ಸಲ ಹಾರಿಸುತ್ತಿದ್ದ. ನಟರು ಹಾರಿಸಿದ ಮೇಲೆ ತುಂಬುವ ಅಭಿನಯಕ್ಕೆ ಇಪ್ಪತ್ತು ಸೆಕೆಂಡು ಕೊಟ್ಟರೆ ಸದ್ದಿಲ್ಲದೆಯೂ ದೃಶ್ಯ ಕಟ್ಟಿಕೊಳ್ಳುತ್ತದೆ: ತೋಟೆಯ ಕಾಗದ ಹಲ್ಲಲ್ಲಿ ಹರಿಯುವುದು, ಬಟ್ಟಲಿಗೆ ಚಿಟಿಕೆ, ನಳಿಗೆಗೆ ಉಳಿದದ್ದು, ಗಜ ಇಳಿಸಿ ಎಳೆಯುವುದು.

ಬೇಕಲ ಕೋಟೆಯೊಳಗೆ ಚಿತ್ರೀಕರಣ ಮಾಡಬಹುದೇ?

ಬೇಕಲ ಕೇಂದ್ರ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಸಂರಕ್ಷಿತ ಸ್ಮಾರಕ. ಚಿತ್ರೀಕರಣಕ್ಕೂ ಕಾರ್ಯಕ್ರಮಕ್ಕೂ ಮೊದಲೇ ಅನುಮತಿ ಬೇಕು. ಚಂದ್ರಗಿರಿ ಕೋಟೆಗೆ ರಾಜ್ಯ ಪುರಾತತ್ವ ಇಲಾಖೆಯನ್ನು ಕೇಳಬೇಕು. ಮುರಕಲ್ಲಿನ ಗೋಡೆಗೆ ಕೋವಿ ಒರಗಿಸಿದರೆ ಗೋಡೆಗೂ ಗೀರು, ನಿಮ್ಮ ನಳಿಗೆಗೂ ಗೀರು. ನಿಲ್ಲಿಸಲು ಮೂರು ಕೋವಿಗಳನ್ನು ಬಾಯಿಗೆ ಬಾಯಿ ಸೇರಿಸಿ ಗೋಪುರ ಕಟ್ಟುವುದನ್ನು ನಟರಿಗೆ ಕಲಿಸಿ, ಸೈನಿಕರೂ ಹಾಗೆಯೇ ಇಡುತ್ತಿದ್ದರು.

ಮಳೆಗಾಲದಲ್ಲಿ ಹೇಗೆ ಇಡುವುದು?

ಉಜ್ಜಿದ ಉಕ್ಕಿಗೆ ನಮ್ಮ ಕಡಲಗಾಳಿ ಒಂದೇ ರಾತ್ರಿಯಲ್ಲಿ ಕೆಂಪು ಚುಕ್ಕೆ ತರುತ್ತದೆ. ಬೆವರಿದ ಕೈಯ ಬೆರಳಚ್ಚು ಕೂಡ ತುಕ್ಕಾಗಿ ಮೂಡುತ್ತದೆ. ಕಾರ್ಯಕ್ರಮ ಮುಗಿದ ದಿನವೇ ಒಣಬಟ್ಟೆಯಲ್ಲಿ ಒರೆಸಿ, ಹೊಲಿಗೆ ಯಂತ್ರದ ಎಣ್ಣೆ ಅಥವಾ ಜೇನುಮೇಣ ತೆಳ್ಳಗೆ ಸವರಿ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬೇಡಿ, ಒಳಗೆ ಬೆವರುತ್ತದೆ. ಹತ್ತಿ ಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದಂತೆ ಅಡ್ಡಕ್ಕೆ ಮಲಗಿಸಿ. ಚರ್ಮದ ಪಟ್ಟಿಯನ್ನು ಬಿಚ್ಚಿ ಬೇರೆ ಇಡಿ. ಆಟಿ ತಿಂಗಳ ಮಳೆಯಲ್ಲಿ ಅದಕ್ಕೆ ಬೂಸ್ಟು ಬರುವುದು ಖಂಡಿತ, ಮುಟ್ಟಿದ ಕಡೆ ಲೋಹವನ್ನೂ ಕೆಡಿಸುತ್ತದೆ.

ಬಸ್ಸಿನಲ್ಲಿ ಸಾಗಿಸುವಾಗಲೂ ಅದೇ ಬಟ್ಟೆಯ ಸುತ್ತು ಇರಲಿ, ಲಾಕನ್ನು ಬಿಚ್ಚಿ ಬೇರೆ ಚೀಲದಲ್ಲಿ ಹಾಕಿ. ತಲಪಾಡಿಯ ರಾಜ್ಯಗಡಿ ದಾಟುವುದಿದ್ದರೆ ಠಾಣೆಗೆ ಕೊಟ್ಟ ಪತ್ರದ ಪ್ರತಿಯನ್ನು ಚಾಲಕನ ಹತ್ತಿರ ಅಲ್ಲ, ಕೋವಿಯ ಜೊತೆ ಇರುವವರ ಜೇಬಿನಲ್ಲಿ ಇಡಿ.